ಹೊನ್ನಪ್ಪನವರ ಉಸಿರು, ನಮ್ಮ ಟ್ರ್ಯಾಕು

ಜಾವಗಲ್ ಕಡೆಯ ಹಳ್ಳಿಯೊಂದರಲ್ಲಿ ‘ಕುರುಕ್ಷೇತ್ರ’ದ ತಾಲೀಮು. ಕೃಷ್ಣನ ಪಾರ್ಟಿನ ಹುಡುಗ ಕಂದದ ಮೇಲಿನ ಷಡ್ಜಕ್ಕೆ ಮೂರು ಸಲ ಏರಿ, ಮೂರು ಸಲವೂ ಜಾರಿದ. ‘ಮೇಷ್ಟ್ರೇ, ಚೆನ್ನಾಗಿ ಹಾಡೋರ ಕೈಲಿ ರೆಕಾರ್ಡ್ ಮಾಡ್ಸಿ ಟ್ರ್ಯಾಕ್ ಹಾಕ್ಬಿಡಾಣ, ನಾನು ಬಾಯಿ ಆಡಿಸ್ತೀನಿ’ ಅಂದ. ಲೆಗ್ ಹಾರ್ಮೋನಿಯಂ ತುಳಿಯುತ್ತಿದ್ದ ನನ್ನ ಕಾಲು ಅಲ್ಲೇ ನಿಂತಿತು.

ಅರಸೀಕೆರೆ, ಹಳೇಬೀಡು, ಬೇಲೂರು ಸುತ್ತ ಮೂವತ್ತು ವರ್ಷದಿಂದ ನಾಟಕ ಕಲಿಸುತ್ತಿದ್ದೇನೆ. ಹೊನ್ನಪ್ಪ ಭಾಗವತರು ಅಂದರೆ ಯಾರು ಗೊತ್ತೇನೋ ಎಂದು ಕೇಳಿದೆ. ‘ಯಕ್ಷಗಾನದೋರಾ?’ ಅಂದ. ಅವನನ್ನು ಬೈಯುವಂತಿರಲಿಲ್ಲ. ನಾವು ಹೇಳಿದ್ದರೆ ತಾನೆ ಗೊತ್ತಾಗುವುದು?

ಹೊನ್ನಪ್ಪನವರು ಹುಟ್ಟಿದ್ದು 1915ರಲ್ಲಿ, ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ. ಬೆಳೆದದ್ದು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ. ಅರಸೀಕೆರೆಯಲ್ಲಿ ಬೆಂಗಳೂರಿನ ರೈಲು ಹತ್ತಿದರೆ ತಿಪಟೂರು ದಾಟಿ ಸಿಗುವ ಗುಬ್ಬಿಯೇ ಅದು. 1941ರಲ್ಲಿ ಇವರು ನಟಿಸಿದ ಗುಬ್ಬಿಯವರ ‘ಸುಭದ್ರಾ’ ಚಿತ್ರ ಬಂತು. ಆಗಿನ ನಟ ಹಾಡಲೇಬೇಕಿತ್ತು. ತಮಿಳಿನವರು ನಮ್ಮ ಈ ದನಿಯನ್ನು ಕರೆಸಿಕೊಂಡರು: ಯುದ್ಧಕಾಲದ ‘ಬರ್ಮಾ ರಾಣಿ’, ಆಮೇಲೆ ‘ಶ್ರೀ ಮುರುಗನ್’. ಆ ಎರಡನೆಯದರ ಪಾತ್ರ ಮೊದಲು ತಮಿಳಿನ ಹಾಡುನಟ ತ್ಯಾಗರಾಜ ಭಾಗವತರಿಗೆಂದು ಗೊತ್ತಾಗಿತ್ತು. ಕೊಲೆ ಮೊಕದ್ದಮೆಯಲ್ಲಿ ಅವರು ಜೈಲು ಸೇರಿದ್ದರಿಂದ ಅದು ಇವರ ಪಾಲಿಗೆ ಬಂತು. 1949ರಲ್ಲಿ ‘ಭಕ್ತ ಕುಂಬಾರ’. 1955ರ ‘ಮಹಾಕವಿ ಕಾಳಿದಾಸ’ದಲ್ಲಿ ಸರೋಜಾದೇವಿಯವರನ್ನು ತೆರೆಗೆ ತಂದವರೂ ಇವರೇ. ಮುಂದೆ 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಇವರು ಬಸವಣ್ಣ, ರಾಜ್‌ಕುಮಾರ್ ಬಿಜ್ಜಳ.

ಅದೇ 1915ರಲ್ಲಿ ಅಮೆರಿಕದಲ್ಲಿ ಫ್ರಾಂಕ್ ಸಿನಾತ್ರಾ ಹುಟ್ಟಿದ. ಸ್ವಿಂಗ್ ಬ್ಯಾಂಡುಗಳ ಕಾಲದಲ್ಲಿ ಹೆಸರು ಮಾಡಿ, ಮುಂದೆ ನಟನಾಗಿ ಆಸ್ಕರ್ ಕೂಡ ಗೆದ್ದ. ಬ್ಯಾಂಡಿನ ಯಜಮಾನ ಟಾಮಿ ಡಾರ್ಸಿ ಟ್ರಾಂಬೋನ್ ಊದುವಾಗ ಎಲ್ಲಿ ಉಸಿರು ಕದಿಯುತ್ತಾನೆಂದು ಹಿಂದೆ ಕೂತು ನೋಡಿ ನೋಡಿ ಕಲಿತನಂತೆ. ಅವನು ಮೈಕಿಗೆ ಬಾಯಿಟ್ಟು ಪಿಸುಗುಟ್ಟಿ ಗೆದ್ದವನು. ನಮ್ಮ ಕಂಪನಿ ನಟರು ಹಿಂದಿನ ಸಾಲಿನ ನೆಲದ ಗಿರಾಕಿಗೂ ಮುಟ್ಟುವಂತೆ ಗಂಟಲು ತೆರೆದವರು. ಇಬ್ಬರ ವರಸೆ ಬೇರೆ ಬೇರೆ, ಪಟ್ಟು ಒಂದೇ: ಮಾತಾಡಿದ ಉಸಿರಲ್ಲೇ ಹಾಡು ಬರಬೇಕು.

ಐವತ್ತರ ದಶಕದಲ್ಲಿ ಹಿನ್ನೆಲೆ ಗಾಯನ ಬೇರೂರಿ, ಹಾಡುವ ಬಾಯಿ ಬೇರೆ, ಆಡುವ ಬಾಯಿ ಬೇರೆ ಆಯಿತು. ಅದರಿಂದ ನಷ್ಟವೇ ಆಯಿತೆಂದು ನಾನು ಹೇಳಲಾರೆ, ಪಿ.ಬಿ. ಶ್ರೀನಿವಾಸರನ್ನು ಕೇಳಿದ ಕಿವಿ ಅಂಥ ಮಾತಾಡುವುದಿಲ್ಲ. ಆದರೆ ‘ಸಂಪತ್ತಿಗೆ ಸವಾಲ್’ ಆದಮೇಲೆ ರಾಜ್‌ಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದಾಗ ಜನ ಅಚ್ಚರಿಪಟ್ಟರಲ್ಲ, ನನಗೆ ನಗು ಬರುತ್ತದೆ. ಅವರೂ ಗುಬ್ಬಿ ಕಂಪನಿಯ ಅನ್ನ ಉಂಡವರೇ.

ಸಿನಿಮಾದ ಮಾತು ಬಿಡಿ. ಕೊಬ್ಬರಿ ಮಾರಿದ ದುಡ್ಡು ಕೊಟ್ಟು ದುರ್ಯೋಧನನ ಪಾರ್ಟು ಕಟ್ಟುವ ನಮ್ಮ ರೈತರು ಇವತ್ತಿಗೂ ತಮ್ಮ ಪದ್ಯ ತಾವೇ ಹಾಡುತ್ತಾರೆ. ಅಪಸ್ವರ ಬರುತ್ತದೆ, ‘ಒನ್ಸ್ ಮೋರ್’ ಕೂಡ ಬರುತ್ತದೆ. ಭಾಗವತರ ವಂಶ ಉಳಿದಿರುವುದು ಇಲ್ಲಿ. ಇದಕ್ಕೂ ಟ್ರ್ಯಾಕು ಬರುವುದು ಬೇಡ ಅನ್ನುವುದು ನನ್ನ ಜಗಳ. ಉತ್ಸವಗಳಿಗೆ ಲಕ್ಷಗಟ್ಟಲೆ ಸುರಿಯುವವರು ಒಂದು ಷರತ್ತು ಹಾಕಲಿ: ವೇಷ ಯಾರದ್ದೋ ಪದ್ಯವೂ ಅವರದ್ದೇ, ಹಾರ್ಮೋನಿಯಂ ತಬಲ ವೇದಿಕೆಯ ಮೇಲೇ.

ಈ ಷರತ್ತು ಹೊಸದೇನಲ್ಲ. ಬೇಲೂರಿನ ಗುಡಿಗೆ ಹೋದಾಗ ಕುಣಿಯುವ ಮದನಿಕೆಯರ ಮುಖ ನೋಡಿ ಮುಂದೆ ಹೋಗಬೇಡಿ. ಕಾಲ ಬಳಿ ಮದ್ದಳೆ ಬಾರಿಸುವ ಗೇಣುದ್ದದ ಆಳುಗಳಿದ್ದಾರೆ. ಶಿಲ್ಪಿ ಕುಣಿತದ ಪಕ್ಕದಲ್ಲೇ ಅವರನ್ನೂ ನಿಲ್ಲಿಸಿದ್ದಾನೆ.

ಆ ಹುಡುಗನಿಗೆ ಶ್ರುತಿ ಇಳಿಸಿಕೊಟ್ಟೆ, ಕಪ್ಪು ಎರಡರಿಂದ ಬಿಳಿ ಒಂದಕ್ಕೆ. ನಾಲ್ಕನೇ ಸಲ ಹತ್ತಿದ. ಸ್ವರ ಸ್ವಲ್ಪ ನಡುಗಿತು. ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಶಕುನಿ, ‘ಇನ್ನೊಂದ್ ಸಲ ಹೇಳ್ಲಾ’ ಅಂದ.