ಮುಖದ ಕಲೆಗೆ ನಿಂಬೆರಸ ಹಚ್ಚಬಹುದೇ?

ಸೂಲಿಬೆಲೆಯಿರಲಿ, ಬೆಂಗಳೂರಿರಲಿ, ಮುಖದ ಮೇಲೆ ಕಲೆ ಕಂಡರೆ ಮೊದಲು ಸಿಗುವ ಸಲಹೆ ಅಡುಗೆಮನೆಯದ್ದೇ: ನಿಂಬೆರಸ ಹಚ್ಚಿ, ಅರಿಶಿನ ಹಚ್ಚಿ, ಲೋಳೆಸರ ಹಚ್ಚಿ. ಹಚ್ಚಿದ ಕೆಲವರಿಗೆ ಕಲೆ ಮಾಸಿದ್ದೂ ನಿಜ. ಆದರೆ ಮಾಸಿದ್ದು ಅದರಿಂದಲೇ?

'ಕಲೆ' ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಹೇಳುತ್ತೇವೆ. ಮೊಡವೆ ಒಣಗಿದ ಮೇಲೆ ಉಳಿಯುವ ಕಂದು ಗುರುತು ಮೆಲನಿನ್ ಎಂಬ ಬಣ್ಣ ಹೆಚ್ಚಾಗಿ ಸೇರಿದ್ದರಿಂದ ಆದದ್ದು. ಏನೂ ಹಚ್ಚದಿದ್ದರೂ ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ನಮ್ಮ ಮೈಬಣ್ಣದವರಿಗೆ ವರ್ಷವೂ ಹಿಡಿಯಬಹುದು. ಅಷ್ಟರಲ್ಲಿ ಹಚ್ಚಿದ್ದಕ್ಕೆಲ್ಲ ಒಳ್ಳೆಯ ಹೆಸರು ಬರುತ್ತದೆ! ಕುಳಿ ಅಥವಾ ಉಬ್ಬು ಹಾಗಲ್ಲ. ಅಲ್ಲಿ ಚರ್ಮದ ಒಳಪದರದ ಕೊಲಾಜನ್ ನಾರುಗಳ ಜೋಡಣೆಯೇ ಬದಲಾಗಿರುತ್ತದೆ. ಅಡುಗೆಮನೆಯ ಲೇಪ ಅದನ್ನು ಸರಿಪಡಿಸದು. ಬೆರಳಿನಿಂದ ಸವರಿ ನೋಡಿದರೆ ನಿಮ್ಮದು ಯಾವುದೆಂದು ಬಹುಮಟ್ಟಿಗೆ ತಿಳಿಯುತ್ತದೆ.

ನಿಂಬೆರಸದ ಪಿಎಚ್ ಸುಮಾರು 2, ಚರ್ಮದ್ದು ಸುಮಾರು 5. ಈ ಅಳತೆಯಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು; ಅಂದರೆ ನಿಂಬೆರಸ ಚರ್ಮಕ್ಕಿಂತ ಸುಮಾರು ಸಾವಿರ ಪಟ್ಟು ಆಮ್ಲೀಯ. ಇದಕ್ಕಿಂತ ದೊಡ್ಡ ತೊಂದರೆ ಬಿಸಿಲಿನದು. ನಿಂಬೆಯಲ್ಲಿರುವ ಫ್ಯುರೊಕೌಮರಿನ್ ಎಂಬ ರಾಸಾಯನಿಕ ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತದೆ. ಬೆಳಿಗ್ಗೆ ಹಚ್ಚಿಕೊಂಡು ಹೊಲಕ್ಕೋ, ಬೈಕಿನಲ್ಲಿ ಹೊಸಕೋಟೆಗೋ ಹೊರಟವರಿಗೆ ಬೊಕ್ಕೆ ಎದ್ದು, ಮೊದಲಿಗಿಂತ ಕಪ್ಪಾದ ಕಲೆ ಉಳಿಯಬಹುದು. ಅಡುಗೆ ಸೋಡಾ ಕ್ಷಾರೀಯ, ಅದೂ ಬೇಡ. ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವವರಿದ್ದಾರೆ. 1999ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಮೆರಿಕನ್ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ಗುರುತಿಗೆ ಅದು ನೆರವಾಗಲಿಲ್ಲ, ಮೂರರಲ್ಲಿ ಒಬ್ಬರಿಗೆ ಅಲರ್ಜಿಯಾಯಿತು. ಲೋಳೆಸರದ ತಿರುಳು ಅಷ್ಟೇನೂ ಅಪಾಯದ್ದಲ್ಲ, ಆದರೆ ಎಲೆ ಕೊಯ್ದಾಗ ಒಸರುವ ಹಳದಿ ರಸವನ್ನು ತೊಳೆದು, ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ಮಾಯದ ಗಾಯಕ್ಕೆ ಇವ್ಯಾವುದೂ ಬೇಡ.

ಮನೆಯಲ್ಲೇ ಮಾಡಬಹುದಾದ, ನಿಜಕ್ಕೂ ಫಲ ಕೊಡುವ ಕೆಲಸ ಸಪ್ಪೆಯೆನಿಸುತ್ತದೆ: ಮೊಡವೆ ಚಿವುಟದಿರುವುದು, ಬಿಸಿಲಿಗೆ ಟೋಪಿ ಅಥವಾ ಸೆರಗು, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಉಬ್ಬಿದ ಗುರುತಿಗೆ ಸಿಲಿಕೋನ್ ಜೆಲ್ ಸ್ವಲ್ಪ ನೆರವಾಗುತ್ತದೆ. ಕುಳಿಗೆ ಚರ್ಮವೈದ್ಯರೇ ಬೇಕು.

ಔಷಧಿ ಅಂಗಡಿಯಲ್ಲಿ ಕೇಳಿ ತರುವ 'ಬೆಳ್ಳಗಾಗುವ' ಕ್ರೀಮು ನನ್ನ ಲೆಕ್ಕದಲ್ಲಿ ನಿಂಬೆಗಿಂತ ಕೆಟ್ಟದ್ದು. ಹಲವುದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಚರ್ಮ ತೆಳುವಾಗಿ ಮೊಡವೆ ಹೆಚ್ಚುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು.

ಇನ್ನು, ಮುಟ್ಟಿದರೂ ತಿಳಿಯದ ಬಿಳಿಚಿದ ಮಚ್ಚೆ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಅದು ಕುಷ್ಠದ ಲಕ್ಷಣವಿರಬಹುದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅದಕ್ಕೆ ಮಾತ್ರೆ ಉಚಿತ.