ಈಜು: ಕ್ರೀಡೆಯಲ್ಲ, ಪ್ರಾಣರಕ್ಷಣೆಯ ವಿದ್ಯೆ

ನೆದರ್‌ಲ್ಯಾಂಡ್ಸ್ ದೇಶದ ಸುಮಾರು ಕಾಲುಭಾಗ ಭೂಮಿ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಊರೂರಿನಲ್ಲಿ ಕಾಲುವೆಗಳು ಹರಿಯುತ್ತವೆ. ಆದುದರಿಂದ ನಡೆಯುವುದನ್ನು ಕಲಿತಂತೆಯೇ ಈಜುವುದನ್ನೂ ಕಲಿಯಬೇಕೆಂಬುದು ಅಲ್ಲಿನವರ ಭಾವನೆ. ಎಳೆಯ ಮಕ್ಕಳಿಗಾಗಿ ಎ, ಬಿ, ಸಿ ಎಂಬ ಮೂರು ಹಂತಗಳ ಈಜು ಪರೀಕ್ಷೆಗಳಿವೆ. ಅವುಗಳಲ್ಲಿ ಉಡುಪು, ಪಾದರಕ್ಷೆಗಳನ್ನು ಧರಿಸಿಯೇ ಈಜಿ ತೋರಿಸಬೇಕು. ಕಾಲುಜಾರಿ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲವಷ್ಟೆ!

ಹೊರದೇಶಗಳಿಂದ ಬಂದು ನೆಲೆಸಿದವರಲ್ಲಿ ಅನೇಕರಿಗೆ ಈ ವಿದ್ಯೆಯಿಲ್ಲ. ಎಲ್ಲರಿಗೂ ಈಜು ಬರುವುದೆಂದು ಸ್ಥಳೀಯರು ಭಾವಿಸುತ್ತಾರೆ. ತನಗೆ ಬಾರದೆಂದು ಹೇಳಲು ಬಂದವರು ನಾಚುತ್ತಾರೆ. ಅಲ್ಲಿ ಮುಳುಗಿ ಮಡಿಯುವವರಲ್ಲಿ ವಲಸಿಗರ ಪ್ರಮಾಣ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಉದ್ಯೋಗಕ್ಕಾಗಿ ಆ ನಾಡಿಗೆ ತೆರಳುವ ನಮ್ಮ ಮಕ್ಕಳಿಗೆ ಬೆಚ್ಚನೆಯ ಉಡುಪು, ಚಟ್ನಿಪುಡಿ ಕಟ್ಟಿಕೊಡುವ ನಾವು, "ನಿನಗೆ ಈಜು ಬರುವುದೇ?" ಎಂದು ಕೇಳುವುದಿಲ್ಲ.

ಆದರೆ ಈ ಪ್ರಶ್ನೆ ಪರದೇಶಕ್ಕೆ ಹೋಗುವವರಿಗೆ ಮಾತ್ರ ಸಲ್ಲುವುದಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿಯೂ ಹಿರಿಯರು ಸೋರೆಬುರುಡೆ ಕಟ್ಟಿ ಮಕ್ಕಳನ್ನು ಬಾವಿಗಿಳಿಸಿ ಈಜು ಕಲಿಸುತ್ತಿದ್ದರು. ಆ ಬಾವಿಗಳು ಬತ್ತಿದವು, ಕಲಿಸುವವರೂ ಇಲ್ಲವಾದರು. ನೀರಿನ ಅಪಾಯ ಮಾತ್ರ ಉಳಿದಿದೆ. ಕೆರೆ, ನಾಲೆಗಳಲ್ಲದೆ ಈಗ ಕೃಷಿಹೊಂಡಗಳೂ ಸೇರಿವೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಜಾರುವ ಅಂಚನ್ನೇರಿ ಬರುವುದು ಬಲು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಅಸುನೀಗಿದರು.

ಮಗುವಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸುವ ಎಚ್ಚರವನ್ನು ಈಜಿನ ವಿಷಯದಲ್ಲಿಯೂ ನಾವು ತೋರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲಾ ವಯಸ್ಸಿನ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬಲ್ಲವರ ಮೇಲ್ವಿಚಾರಣೆಯಲ್ಲಿ ಈಜು ಕಲಿಸಬೇಕು. ಅಂಗಾತ ತೇಲುತ್ತ ಉಸಿರಾಡುವುದನ್ನು ಕಲಿತರೂ ನೆರವು ಬರುವವರೆಗೆ ಜೀವ ಹಿಡಿದಿಟ್ಟುಕೊಳ್ಳಬಹುದು. ಹೊಲದ ಹೊಂಡಕ್ಕೆ ಬೇಲಿ ಹಾಕಿ, ಅಂಚಿಗೆ ಹಗ್ಗ ಕಟ್ಟಿಡಬೇಕು. ಮುಳುಗುತ್ತಿರುವವರನ್ನು ಕಂಡು ಈಜು ಬಾರದವರು ನೀರಿಗೆ ಹಾರಬಾರದು; ಕೂಗಿ ಜನರನ್ನು ಕರೆಯಬೇಕು, ದಡದಿಂದಲೇ ಹಗ್ಗ, ಗಳ, ಸೀರೆ ಅಥವಾ ಪಂಚೆಯನ್ನು ನೀಡಬೇಕು. ಗೆಳೆಯನನ್ನು ಉಳಿಸಲು ಹಾರಿದವನೂ ಮಡಿದನೆಂಬ ಸುದ್ದಿಯನ್ನು ನಾವು ಪ್ರತಿ ಬೇಸಿಗೆಯಲ್ಲಿಯೂ ಓದುತ್ತಿದ್ದೇವೆ.

ಈ ಬೇಸಿಗೆಯ ರಜೆಯಲ್ಲಿ ಸದ್ಭಕ್ತರು ತಮ್ಮ ಮನೆಯ ಒಂದು ಮಗುವಿಗಾದರೂ ಈಜು ಕಲಿಸಲಿ. ಅದು ಆ ಮಗುವಿಗೆ ಆಯುಷ್ಯವನ್ನೇ ಕಾಯುವ ಕಾಣಿಕೆ.