ರೆಫರ್ ಚೀಟಿಯ ಆಚೆ ಏನಾಯಿತು?



ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಿಗೆ ತಮ್ಮ ಪತ್ರಿಕೆ ಜಾಗ ಕೊಡುತ್ತ ಬಂದಿದೆ. ಅದಕ್ಕೆ ಕೃತಜ್ಞತೆಗಳು. ಆದರೆ ಚರ್ಚೆಯೆಲ್ಲ ಎಲ್ಲಿ ಕಟ್ಟಬೇಕು, ಎಷ್ಟು ಎಕರೆ, ಎಷ್ಟು ಹಾಸಿಗೆ ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಳಾದ ನನ್ನ ತಕರಾರು ಇರುವುದು ಅಲ್ಲೇ. ತಲೆಗೆ ಪೆಟ್ಟು ಬಿದ್ದು ಬಂದವರ ಲೆಕ್ಕ ಗಂಟೆಗಳಲ್ಲಿ ನಡೆಯುತ್ತದೆ. ಆ ಗಂಟೆಗಳ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಮಳೆಗಾಲದ ಒಂದು ರಾತ್ರಿ, ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ನಮ್ಮಲ್ಲಿಗೆ ಕರೆತಂದಿದ್ದರು. ಹೆಲ್ಮೆಟ್ ಹಾಕಿರಲಿಲ್ಲ. ಕಿವಿಯ ಮೇಲ್ಗಡೆ ಸಣ್ಣ ಊತ ಬಿಟ್ಟರೆ ಹೇಳಿಕೊಳ್ಳುವಂಥ ಗಾಯವೂ ಇರಲಿಲ್ಲ. "ಸಿಸ್ಟರ್, ಅಮ್ಮಂಗೆ ಫೋನ್ ಮಾಡಬೇಡಿ, ಹೆದರ್ತಾಳೆ" ಎಂದು ಎರಡು ಸಲ ಹೇಳಿದ. ಮುಕ್ಕಾಲು ಗಂಟೆಯಲ್ಲಿ ವಾಂತಿ, ಆಮೇಲೆ ಮಂಪರು. ಟಾರ್ಚ್ ಬಿಟ್ಟು ನೋಡಿದರೆ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಡಾಕ್ಟರು ರೆಫರ್ ಚೀಟಿ ಬರೆದರು. ಆ ಹೊತ್ತಿನಲ್ಲಿ ಅವರಿಂದ ಆಗುತ್ತಿದ್ದುದು ಅಷ್ಟೇ. ನಾನು ರಿಜಿಸ್ಟರಿನಲ್ಲಿ "ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಅವನು ದಾರಿಯಲ್ಲೇ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ವಾರದ ಮೇಲೆ, ಸಂತೆಯಲ್ಲಿ.

ಕಿವಿಯ ಮೇಲ್ಭಾಗದಲ್ಲಿ ತಲೆಬುರುಡೆ ತೆಳುವಾಗಿರುತ್ತದೆ. ಅದರ ಒಳಮೈಗೆ ತಾಗಿಕೊಂಡೇ ಒಂದು ಅಪಧಮನಿ ಹಾದುಹೋಗುತ್ತದೆ. ಎಲುಬು ಬಿರುಕುಬಿಟ್ಟು ಅದು ಹರಿದರೆ, ರಕ್ತ ಎಲುಬಿಗೂ ಮಿದುಳಿನ ಹೊದಿಕೆಗೂ ನಡುವೆ ಶೇಖರವಾಗುತ್ತ ಮಿದುಳನ್ನು ಅದುಮುತ್ತದೆ. ಇದಕ್ಕೆ ಎಕ್ಸ್‌ಟ್ರಾಡ್ಯೂರಲ್ ಎನ್ನುತ್ತಾರೆ. ಎಷ್ಟೋ ಸಲ ಮಿದುಳಿಗೆ ನೇರ ಪೆಟ್ಟು ಹೆಚ್ಚಿರುವುದಿಲ್ಲ. ಅದಕ್ಕೇ ರೋಗಿ ಮೊದಮೊದಲು ಮಾತಾಡಿಕೊಂಡಿರುತ್ತಾನೆ, ನೋಡುವವರು ಮೋಸಹೋಗುತ್ತಾರೆ. ಪ್ರಜ್ಞೆ ತಪ್ಪುವ ಮೊದಲೇ ಬುರುಡೆ ತೆರೆದು ಹೆಪ್ಪು ತೆಗೆದರೆ ಹೆಚ್ಚಿನವರು ನಡೆದುಕೊಂಡೇ ಮನೆಗೆ ಹೋಗುತ್ತಾರೆ. ಹೊದಿಕೆಯ ಒಳಗಡೆ ರಕ್ತ ಸೇರುವ ಸಬ್‌ಡ್ಯೂರಲ್ ಇದಕ್ಕಿಂತ ಕ್ರೂರ. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 82 ರೋಗಿಗಳ ಅಧ್ಯಯನವೊಂದರಲ್ಲಿ, ನಾಲ್ಕು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 30ರಷ್ಟು ಮಂದಿ ಸತ್ತಿದ್ದರು, ತಡವಾದವರಲ್ಲಿ ಶೇ 90ರಷ್ಟು. ನಂತರದ ಅಧ್ಯಯನಗಳಲ್ಲಿ ಅಂತರ ಇಷ್ಟು ದೊಡ್ಡದಾಗಿ ಕಂಡಿಲ್ಲ. ಹಾಗೆಂದು ತಡಮಾಡಬಹುದು ಎಂದು ಯಾವ ಸರ್ಜನ್ನೂ ಹೇಳುವುದಿಲ್ಲ.

ಈಗ ರೆಫರ್ ಆದ ನಮ್ಮ ರೋಗಿಗಳು ಹೋಗಬೇಕಾದ ದಾರಿಗಳನ್ನು ನೋಡಿ. ಕಾರವಾರದಿಂದ ಮಣಿಪಾಲಕ್ಕೆ ಸುಮಾರು 200 ಕಿ.ಮೀ. ಅಂಕೋಲೆಯಿಂದ ಹುಬ್ಬಳ್ಳಿಗೆ ಹೊರಟರೆ ಅರಬೈಲ್ ಘಟ್ಟ ಹತ್ತಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. 2024ರ ಜುಲೈನಲ್ಲಿ ಇನ್ನೊಂದು ಶಿರೂರಿನಲ್ಲಿ, ಅಂಕೋಲೆಯದರಲ್ಲಿ, ಗುಡ್ಡ ಜರಿದು ಹೆದ್ದಾರಿಯೇ ಬಂದಾಯಿತು.

ಘಟ್ಟದ ಮೇಲಿನವರ ಪಾಡು ಬೇರೆ. ಕೊನೆ ಕೊಯ್ಯುವಾಗಲೋ ಕೊಳೆರೋಗಕ್ಕೆ ಮದ್ದು ಹೊಡೆಯುವಾಗಲೋ ಅಡಿಕೆ ಮರದಿಂದ ಬಿದ್ದವರನ್ನು ಕಂಬಳಿಯಲ್ಲಿ ಜೋಲಿ ಕಟ್ಟಿ ಹೊತ್ತು ತರುತ್ತಾರೆ. ತರುವವರದು ಒಳ್ಳೆಯ ಮನಸ್ಸೇ. ಆದರೆ ಮುರಿದ ಬೆನ್ನೆಲುಬು ಜೋಲಿಯಲ್ಲಿ ಬಾಗಿ ಜರುಗಿದರೆ ಅಷ್ಟರತನಕ ಉಳಿದಿದ್ದ ಬೆನ್ನುಹುರಿಯೂ ನಜ್ಜಾಗುತ್ತದೆ. ಬಿದ್ದವರನ್ನು ಗಟ್ಟಿ ಹಲಗೆಯ ಮೇಲೆ, ಕುತ್ತಿಗೆ ಅಲುಗದಂತೆ, ದಿಮ್ಮಿ ಉರುಳಿಸಿದ ಹಾಗೆ ಒಂದೇ ಸಮನೆ ಹೊರಳಿಸಿ ಮಲಗಿಸಬೇಕು ಎಂದು ಊರೂರಿನ ಸೊಸೈಟಿಗಳಲ್ಲಿ ಒಂದೊಂದು ದಿನ ಕಲಿಸಿದರೂ ಸಾಕು, ಕೆಲವರ ಕಾಲಾದರೂ ಉಳಿದೀತು.

ದುಡ್ಡಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಪಘಾತವಾದವರಿಗೆ ಮೊದಲ 48 ಗಂಟೆಗೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ ಕೊಡಲು ರಾಜ್ಯ ಸರ್ಕಾರ 2016ರಲ್ಲೇ ಹರೀಶ್ ಸಾಂತ್ವನ ಯೋಜನೆ ತಂದಿತು. ಏಳು ದಿನಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಎಂದು ಕೇಂದ್ರ 2025ರಲ್ಲಿ ಘೋಷಿಸಿತು. ಬುರುಡೆ ತೆರೆಯುವವರು ಇರುವ ಕಡೆಗೆ ಜೀವ ಇರುವಾಗಲೇ ತಲುಪದಿದ್ದರೆ ಈ ಯೋಜನೆಗಳ ಬಿಲ್ಲು ಬರೆಯುವುದು ಯಾರ ಹೆಸರಿಗೆ?

"ನ್ಯೂರೋಸರ್ಜನ್‌ಗಳು ಇಲ್ಲಿಗೆ ಬರುವುದಿಲ್ಲ" ಎಂಬುದು ಇನ್ನೊಂದು ಉತ್ತರ. ಒಪ್ಪೋಣ. ಎಂಎಸ್ ಮುಗಿಸಿ ಮತ್ತೆ ಮೂರು ವರ್ಷ ಎಂಸಿಎಚ್ ಓದಿದವರನ್ನು ತಂದು ಒಬ್ಬರನ್ನೇ ಕೂರಿಸಿದರೆ ಅವರಾದರೂ ವರ್ಷದ ಅಷ್ಟೂ ರಾತ್ರಿ ಎಚ್ಚರವಿರಲು ಸಾಧ್ಯವೇ? ಅರಿವಳಿಕೆ ತಜ್ಞರು, ವೆಂಟಿಲೇಟರ್, ರಕ್ತನಿಧಿ ಜೊತೆಗಿರಬೇಕು. ಆಸ್ಟ್ರೇಲಿಯಾದ ದೂರದ ಊರುಗಳಲ್ಲಿ, ರೋಗಿಯನ್ನು ಸಾಗಿಸುವಷ್ಟು ಸಮಯ ಇಲ್ಲದಾಗ, ಸಾಮಾನ್ಯ ಸರ್ಜನ್‌ಗಳೇ ನಗರದ ನ್ಯೂರೋಸರ್ಜನ್ ಜೊತೆ ಫೋನಿನಲ್ಲಿ ಮಾತಾಡಿಕೊಂಡು ತಲೆಯೊಳಗಿನ ಹೆಪ್ಪು ತೆಗೆಯುತ್ತಾರೆ. ನಮ್ಮ ಜಿಲ್ಲೆಯ ಸರ್ಜನ್‌ಗಳನ್ನು ನಾಲ್ಕಾರು ತಿಂಗಳು ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿ ಇಷ್ಟನ್ನು ಕಲಿಸಬಾರದೇಕೆ? ರಾತ್ರಿ ತೆಗೆದ ಸಿಟಿ ಸ್ಕ್ಯಾನನ್ನು ಅಲ್ಲಿನ ತಜ್ಞರು ಆಗಿಂದಾಗಲೇ ನೋಡಿ ಹೇಳುವ ಏರ್ಪಾಡು ಏಕೆ ಬೇಡ?

ಜಿಲ್ಲಾಡಳಿತಕ್ಕೆ ಎರಡೇ ಬೇಡಿಕೆ. ಮೊದಲನೆಯದು, ರಾತ್ರಿ ಎರಡು ಗಂಟೆಗೆ ಜಿಲ್ಲೆಯ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಸಿಟಿ ತೆಗೆಯುತ್ತಾರೆ, ಎಲ್ಲಿ ಬುರುಡೆ ತೆರೆಯುತ್ತಾರೆ ಎಂಬ ಪಟ್ಟಿ ತಾಲ್ಲೂಕುವಾರು ಪ್ರಕಟವಾಗಲಿ. ಎಲ್ಲೂ ಇಲ್ಲವೆಂದಾದರೆ ಅದನ್ನೂ ಬರೆಯಲಿ. ಎರಡನೆಯದು, ರೆಫರ್ ರಿಜಿಸ್ಟರಿಗೆ ಒಂದು ಕಾಲಂ ಹೆಚ್ಚಿಗೆ ಸೇರಿಸಲಿ: "ಮುಂದೆ ಏನಾಯಿತು." ಆ ಹುಡುಗನ ಸಾಲು ನನ್ನ ಸಹಿಯೊಂದಿಗೆ ಮುಗಿದಿದೆ. ನಮ್ಮ ಪುಸ್ತಕದ ಪ್ರಕಾರ ಅವನು ಇಂದಿಗೂ ಹೆಚ್ಚಿನ ಚಿಕಿತ್ಸೆಗೆ ಹೋಗುತ್ತಲೇ ಇದ್ದಾನೆ.

— ನಿವೃತ್ತ ಸ್ಟಾಫ್ ನರ್ಸ್, ಕುಮಟಾ ತಾಲ್ಲೂಕು